ತೊಂಬೆ ಪಂಚಾಯಿತಿಯದು, ಪ್ರಶ್ನೆಯೂ ಪಂಚಾಯಿತಿಗೇ

ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ 2022ರ ನವೆಂಬರ್ 18ರಂದು ಒಂದು ಮದುವೆ. ನೆಂಟರಾಗಿ ಬಂದಿದ್ದ ಪರಿಶಿಷ್ಟ ಜಾತಿಯ ಮಹಿಳೆಯೊಬ್ಬರು ಲಿಂಗಾಯತರ ಬೀದಿಯಲ್ಲಿದ್ದ ತೊಂಬೆಯ ನಲ್ಲಿ ತಿರುಗಿಸಿ ನೀರು ಕುಡಿದರು. ಅಲ್ಲಿದ್ದವರು ಆಕ್ಷೇಪಿಸಿದರು. ಆಮೇಲೆ ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು, ಗೋಮೂತ್ರ ಹಾಕಿ ತೊಳೆದರೆಂಬ ಸುದ್ದಿ ವಿಡಿಯೊ ಸಮೇತ ಮೊಬೈಲುಗಳಲ್ಲಿ ಹರಿದಾಡಿ, ಎರಡು ದಿನ ಕಳೆಯುವಷ್ಟರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಹೆಗ್ಗೊಠಾರದ ಹೆಸರು ಬಂತು.

ತಹಶೀಲ್ದಾರರು ಊರಿಗೆ ಬಂದರು. ದಲಿತ ಯುವಕರನ್ನು ಜೊತೆಗೆ ಕರೆದುಕೊಂಡು ಒಂದೊಂದು ತೊಂಬೆಯ ಬಳಿಗೂ ಹೋಗಿ ನೀರು ಕುಡಿಸಿದರು. ಇದು ಸಾರ್ವಜನಿಕ ಕುಡಿಯುವ ನೀರು, ಯಾರು ಬೇಕಾದರೂ ಬಳಸಬಹುದು ಎಂದು ತೊಂಬೆಗಳ ಮೇಲೆ ಬರೆಸಿದರು. ಪೊಲೀಸರು ಪ್ರಕರಣ ದಾಖಲಿಸಿಕೊಂಡರು. ಒಬ್ಬ ಅಧಿಕಾರಿ ಇಷ್ಟು ಬೇಗ ಇಷ್ಟು ಮಾಡುವುದು ನಮ್ಮಲ್ಲಿ ದಿನವೂ ಕಾಣುವ ಸಂಗತಿಯಲ್ಲ, ಆ ಮೆಚ್ಚುಗೆ ಅವರಿಗೆ ಸಲ್ಲಬೇಕು. ಆದರೆ ಚರ್ಚೆಯೆಲ್ಲ ಗೋಮೂತ್ರದ ಸುತ್ತಲೇ ತಿರುಗಿತು. ಹಾಕಿದರೋ ಇಲ್ಲವೋ, ಕಣ್ಣಾರೆ ಕಂಡವರು ಯಾರು, ಸುಮ್ಮನೆ ತೊಳೆದದ್ದನ್ನು ದೊಡ್ಡದು ಮಾಡಿದರೇ ಎಂದು ಟೀವಿಯವರೂ ಊರಿನವರೂ ವಾದಿಸಿದರು. ತೊಂಬೆ ಯಾರದು ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ನಮ್ಮ ಕಡೆಯ ತೊಂಬೆಯನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆ ತಾನಾಗಿ ಏಳುತ್ತದೆ. ಸಿಮೆಂಟಿನ ಕಟ್ಟೆ, ಅದರ ಮೇಲೆ ತೊಟ್ಟಿ ಅಥವಾ ಪ್ಲಾಸ್ಟಿಕ್ ಟ್ಯಾಂಕು, ಸುತ್ತ ನಾಲ್ಕೈದು ನಲ್ಲಿ, ಕೆಳಗೆ ಕೆಸರಾಗದಂತೆ ಹಾಸಿದ ಚಪ್ಪಡಿ. ನೀರು ಬರುವುದು ಪಂಚಾಯಿತಿ ಕೊರೆಸಿದ ಕೊಳವೆಬಾವಿಯಿಂದಲೋ ಬಹುಗ್ರಾಮ ಯೋಜನೆಯ ಪೈಪಿನಿಂದಲೋ. ಮೋಟಾರಿನ ಕರೆಂಟು ಬಿಲ್ಲು ಪಂಚಾಯಿತಿಯ ಲೆಕ್ಕಕ್ಕೆ. ವಾಲ್ವ್ ತಿರುಗಿಸುವವನು ನೀರುಗಂಟಿ, ಅವನ ಸಂಬಳವೂ ಪಂಚಾಯಿತಿಯದೇ. ಟ್ಯಾಂಕನ್ನು ಇಷ್ಟು ದಿನಕ್ಕೊಮ್ಮೆ ತೊಳೆದು ಬ್ಲೀಚಿಂಗ್ ಪೌಡರ್ ಹಾಕಬೇಕಾದ ಕೆಲಸವೂ ಅಲ್ಲಿಂದಲೇ ಆಗಬೇಕು. ಅದು ನಿಂತಿರುವುದು ಒಂದು ಬೀದಿಯಲ್ಲಿ ಎಂಬುದನ್ನು ಬಿಟ್ಟರೆ ಆ ಬೀದಿಯವರಿಗೆ ಅದರ ಮೇಲೆ ಬೇರೆ ಹಕ್ಕಿಲ್ಲ. ಹಾಗಿದ್ದ ಮೇಲೆ ಸಾರ್ವಜನಿಕ ಆಸ್ತಿಯೊಂದನ್ನು ಯಾರೋ ತಮ್ಮ ಮನಸ್ಸಿಗೆ ಬಂದ ಕಾರಣಕ್ಕೆ ಖಾಲಿ ಮಾಡಿ ತೊಳೆದರೆ, ಮೊದಲು ಎದ್ದು ನಿಂತು ದೂರು ಕೊಡಬೇಕಾದವರು ಅದರ ಒಡೆಯರು. ಎಂದರೆ ಪಿಡಿಒ, ಅಧ್ಯಕ್ಷರು, ಸದಸ್ಯರು. ರಸ್ತೆಬದಿಯ ಪಂಚಾಯಿತಿ ಮರ ಕಡಿದರೆ ಪಂಚಾಯಿತಿಯೇ ದೂರು ಕೊಡುತ್ತದೆ, ಬೀದಿದೀಪ ಒಡೆದರೂ ಕೊಡುತ್ತದೆ. ತೊಂಬೆಯ ವಿಷಯ ಬಂದಾಗ ಮಾತ್ರ ಅದು ದಲಿತರಿಗೂ ಸವರ್ಣೀಯರಿಗೂ ನಡುವಿನ ಜಗಳವಾಗಿ, ಪಂಚಾಯಿತಿ ನಡುವೆ ಕೂತ ಮಧ್ಯಸ್ಥನಾಗಿಬಿಡುತ್ತದೆ.

ಈ ಲೇಖನದ ವಾದ ಇಷ್ಟೇ. ಅಸ್ಪೃಶ್ಯತೆಯ ಪ್ರತಿಯೊಂದು ಘಟನೆಯನ್ನೂ ನಾವು ಊರಿನವರ ಮನಸ್ಸಿನ ದೋಷವೆಂದು ಓದುತ್ತೇವೆ, ಅಧಿಕಾರಿಗಳು ಬಂದು ಬುದ್ಧಿ ಹೇಳಿ ಹೋಗುತ್ತಾರೆ. ಆ ಬೀದಿ, ಆ ನಲ್ಲಿ, ಆ ಶಾಲೆ, ಆ ಸ್ಮಶಾನವನ್ನು ನಡೆಸುವ ಸ್ಥಳೀಯ ಸರ್ಕಾರ ಮಾತ್ರ ಪಾರಾಗುತ್ತದೆ.

ಇದು ಇವತ್ತಿನ ಕತೆಯಲ್ಲ. 1923ರಲ್ಲಿ ಬಾಂಬೆ ಶಾಸನ ಪರಿಷತ್ತು ಎಸ್.ಕೆ. ಬೋಲೆಯವರ ನಿರ್ಣಯವನ್ನು ಒಪ್ಪಿ, ಸರ್ಕಾರದ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದಿತು. ಅದರಂತೆ 1924ರಲ್ಲಿ ಕೊಂಕಣದ ಮಹಾಡ್ ಪುರಸಭೆ ತನ್ನ ಊರಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆಂದು ನಿರ್ಣಯ ಮಾಡಿತು. ನಿರ್ಣಯ ಪುಸ್ತಕದಲ್ಲೇ ಉಳಿಯಿತು, ಕೆರೆಗಿಳಿಯುವ ಧೈರ್ಯ ಯಾರಿಗೂ ಬರುವಂತೆ ಪುರಸಭೆ ಏನನ್ನೂ ಮಾಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆಯಲ್ಲಿ ಆ ನೀರು ಕುಡಿದರು. ಆಮೇಲೆ ನಡೆದದ್ದು ಹೆಗ್ಗೊಠಾರದವರಿಗೂ ಗೊತ್ತಿರುವ ವಿಧಿ: ಪಂಚಗವ್ಯ ಬೆರೆಸಿದ ನೂರೆಂಟು ಕೊಡಗಳನ್ನು ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಪುರಸಭೆ ಮಾಡಿದ್ದೇನು? ಅದೇ ವರ್ಷದ ಆಗಸ್ಟಿನಲ್ಲಿ ತನ್ನ ಹಳೆಯ ನಿರ್ಣಯವನ್ನೇ ರದ್ದು ಮಾಡಿತು. ಕೆರೆ ಖಾಸಗಿಯದೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಅದು ಸಾರ್ವಜನಿಕ ಕೆರೆ ಎಂದು ಬಾಂಬೆ ಹೈಕೋರ್ಟ್ ಹೇಳುವ ಹೊತ್ತಿಗೆ 1937ರ ಮಾರ್ಚ್ ಬಂದಿತ್ತು.

ಮಹಾಡನ್ನು ನಾವು ಅಂಬೇಡ್ಕರರ ಸತ್ಯಾಗ್ರಹವೆಂದು ಓದುತ್ತೇವೆ, ಓದಲೇಬೇಕು. ಅದನ್ನು ಒಂದು ಪುರಸಭೆಯ ಕತೆಯಾಗಿ ಓದಿದರೆ ಇನ್ನೊಂದು ಪಾಠ ಸಿಗುತ್ತದೆ. ನಿರ್ಣಯ ಮಾಡಿದ್ದೂ ಪುರಸಭೆ, ಜಾರಿ ಮಾಡದೆ ಕೂತದ್ದೂ ಪುರಸಭೆ, ಒತ್ತಡ ಬಂದಾಗ ಹಿಂದೆ ಸರಿದದ್ದೂ ಪುರಸಭೆ. ಅಂದಿನ ಸದಸ್ಯರನ್ನು ಕೇಳುವ ಕಾನೂನು ಆಗ ಇರಲಿಲ್ಲ.

ಈಗ ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. 15ನೇ ವಿಧಿಯ ಎರಡನೇ ಖಂಡ ಅಷ್ಟು ಪರಿಚಿತವಲ್ಲ. ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಬಳಕೆಗೆ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಬಾರದು ಎನ್ನುತ್ತದೆ ಅದು, ಬೋಲೆ ನಿರ್ಣಯದ ಮೊಮ್ಮಗನಂತೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು, 1976ರ ತಿದ್ದುಪಡಿಯಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಾಯಿತು. 1989ರಲ್ಲಿ ಜನ ‘ಅಟ್ರಾಸಿಟಿ ಕಾಯ್ದೆ’ ಎನ್ನುವ ದೌರ್ಜನ್ಯ ತಡೆ ಕಾಯ್ದೆ ಬಂತು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಅದರ 3ನೇ ಕಲಮಿಗೆ ಹೊಸ ಅಪರಾಧಗಳನ್ನು ಸೇರಿಸಿತು. ಸಾರ್ವಜನಿಕ ಕೆರೆ, ಬಾವಿ, ನೀರಿನ ನಲ್ಲಿ ಬಳಸದಂತೆ ತಡೆಯುವುದು ಈಗ ಹೆಸರಿಟ್ಟು ಹೇಳಿದ ಅಪರಾಧ. ಸ್ಮಶಾನ, ದಾರಿ, ದೇವಸ್ಥಾನ, ಅಂಗಡಿ, ಮದುವೆ ಮೆರವಣಿಗೆ, ಹೊಸ ಬಟ್ಟೆ ತೊಡುವುದು, ಬೈಕಿನಲ್ಲಿ ಹೋಗುವುದು ಎಲ್ಲವೂ ಆ ಪಟ್ಟಿಯಲ್ಲಿದೆ. ಸಾಮಾಜಿಕ ಬಹಿಷ್ಕಾರವೂ ಇದೆ. ಶಿಕ್ಷೆ ಆರು ತಿಂಗಳಿಂದ ಐದು ವರ್ಷ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 4ನೇ ಕಲಮು. ಪರಿಶಿಷ್ಟರಲ್ಲದ ಸರ್ಕಾರಿ ನೌಕರ ಈ ಕಾಯ್ದೆಯಡಿ ತಾನು ಮಾಡಬೇಕಾದ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದರೆ ಅವನಿಗೂ ಆರು ತಿಂಗಳಿಂದ ಒಂದು ವರ್ಷದ ಜೈಲು. ಕರ್ತವ್ಯಗಳು ಏನೇನೆಂದು ಕಾಯ್ದೆ ಬಿಡಿಸಿ ಹೇಳಿದೆ. ಬಾಯಿಮಾತಿನ ದೂರನ್ನು ಬರೆದುಕೊಂಡಿದ್ದರೆ ಸಹಿ ಹಾಕಿಸುವ ಮುನ್ನ ಓದಿ ಹೇಳಬೇಕು. ಸರಿಯಾದ ಕಲಮುಗಳಡಿ ಎಫ್‌ಐಆರ್ ಮಾಡಬೇಕು. ಅದರ ಪ್ರತಿಯನ್ನು ಬಿಟ್ಟಿಯಾಗಿ ಆಗಲೇ ಕೊಡಬೇಕು. ಅರವತ್ತು ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು, ತಡವಾದರೆ ಯಾಕೆಂದು ಬರೆದು ತಿಳಿಸಬೇಕು. 2018ರ ತಿದ್ದುಪಡಿಯ ಮೇಲೆ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆಯ ನೆಪವೂ ಇಲ್ಲ.

ಓದಲು ಚೆನ್ನಾಗಿದೆ. ಬಾಗಿಲಿಗೆ ಚಿಲಕವೂ ಇದೆ: ನೌಕರನ ಮೇಲೆ ಆರೋಪ ಹೊರಿಸಲು ಮೊದಲು ಇಲಾಖಾ ವಿಚಾರಣೆ ನಡೆದು ಅದು ಶಿಫಾರಸು ಮಾಡಬೇಕು. ಎಂದರೆ ಠಾಣೆಯ ಅಧಿಕಾರಿ ತಪ್ಪು ಮಾಡಿದನೇ ಎಂದು ಹೇಳಬೇಕಾದವನು ಅವನ ಮೇಲಧಿಕಾರಿ. ಸಹೋದ್ಯೋಗಿಯ ಮೇಲೆ ಅಂಥ ಶಿಫಾರಸು ಬರೆಯುವ ಕೈ ಎಷ್ಟು ಸಲೀಸಾಗಿ ಓಡುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಗುಂಡ್ಲುಪೇಟೆ ತಾಲ್ಲೂಕಿನ ವೀರನಪುರದ ಬಳಿ 2019ರ ಜೂನ್ 3ರಂದು ನಡೆದದ್ದನ್ನು ಈ ಕಲಮಿನ ಪಕ್ಕದಲ್ಲಿಟ್ಟು ನೋಡಬೇಕು. ಓದಿದ್ದ ದಲಿತ ವ್ಯಕ್ತಿಯೊಬ್ಬರನ್ನು ಶನಿಮಹಾತ್ಮ ದೇವಸ್ಥಾನದ ಬಳಿ ಹಿಡಿದು, ಕೈ ಕಟ್ಟಿ, ಬಟ್ಟೆಯಿಲ್ಲದೆ ರಸ್ತೆಯಲ್ಲಿ ನಡೆಸಿ ಹೊಡೆದರು. ದೇವಸ್ಥಾನದೊಳಗೆ ಹೋಗಿ ಹಾಳು ಮಾಡಿದನೆಂಬುದು ಹೊಡೆದವರ ಮಾತು. ಮೊದಲ ದಿನಗಳಲ್ಲಿ ಅವರನ್ನು ಮಾನಸಿಕ ಅಸ್ವಸ್ಥರೆಂದು ಕಂಡು ಮನೆಯವರಿಗೆ ಒಪ್ಪಿಸಿದ್ದಷ್ಟೇ ಆಯಿತು. ಸುಮಾರು ಒಂದು ವಾರದ ನಂತರ ವಿಡಿಯೊ ಹೊರಬಂದು ಸಂಘಟನೆಗಳು ಬೀದಿಗಿಳಿದ ಮೇಲೆಯೇ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣವಾಗಿ, ಬಂಧನಗಳು ನಡೆದವು.

ಒಬ್ಬ ವ್ಯಕ್ತಿಗೆ ಮನಸ್ಸಿನ ಕಾಯಿಲೆ ಇದೆಯೆಂದೇ ಇಟ್ಟುಕೊಳ್ಳಿ, ಅವನು ವಿಗ್ರಹ ಮುರಿದನೆಂದೇ ಇಟ್ಟುಕೊಳ್ಳಿ. ಹಾಗಿದ್ದರೂ ಬಟ್ಟೆ ಕಿತ್ತು ಮೆರವಣಿಗೆ ಮಾಡುವುದು ಅಪರಾಧವೇ, ಕಾಯ್ದೆಯ 3ನೇ ಕಲಮಿನಲ್ಲಿ ಅದೇ ಮಾತುಗಳಲ್ಲಿ ಬರೆದಿರುವ ಅಪರಾಧ. ಅದನ್ನು ಕಾಣಲು ವಿಡಿಯೊ ಬೇಕಾಗಿರಲಿಲ್ಲ. ವಿಡಿಯೊ ಬಂದದ್ದರಿಂದ ಬದಲಾದದ್ದು ಸಾಕ್ಷ್ಯವಲ್ಲ, ಸುಮ್ಮನಿದ್ದರೆ ಆಗುವ ನಷ್ಟದ ಲೆಕ್ಕ. ಚಾಮರಾಜನಗರ ಜಿಲ್ಲೆಯ ಈಚಿನ ಘಟನೆಗಳಲ್ಲಿ ಆಡಳಿತ ಚುರುಕಾದದ್ದು ಮೊಬೈಲು ಚುರುಕಾದ ಮೇಲೆ ಎಂಬುದು ಕಹಿಯಾದರೂ ನಿಜ. ಕ್ಯಾಮೆರಾ ಇಲ್ಲದ ಕಡೆ ಎಷ್ಟು ತೊಂಬೆಗಳನ್ನು ತೊಳೆದಿದ್ದಾರೋ.

ಜನಸಂಖ್ಯೆಯ ಲೆಕ್ಕದಲ್ಲಿ ನೋಡಿದರೆ ಇದು ದಲಿತರ ದನಿ ಅಡಗಿಹೋಗುವಂಥ ಜಿಲ್ಲೆಯಲ್ಲ. 2011ರ ಜನಗಣತಿಯಲ್ಲಿ ಹತ್ತು ಲಕ್ಷ ಚಿಲ್ಲರೆ ಜನರಲ್ಲಿ ಸುಮಾರು ಕಾಲು ಭಾಗ ಪರಿಶಿಷ್ಟ ಜಾತಿಯವರು, ಇನ್ನೊಂದು ಹನ್ನೆರಡು ಶೇಕಡದಷ್ಟು ಪರಿಶಿಷ್ಟ ಪಂಗಡದವರು. ಲೋಕಸಭಾ ಕ್ಷೇತ್ರ ಮೀಸಲು, ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರವೂ ಮೀಸಲು. ಪಂಚಾಯಿತಿ, ನಗರಸಭೆ, ಪುರಸಭೆಗಳಲ್ಲಿ ಮೀಸಲು ಸದಸ್ಯರಿದ್ದಾರೆ, ಸರದಿಯಂತೆ ಅಧ್ಯಕ್ಷರೂ ಆಗುತ್ತಾರೆ. ಹಾಗಿದ್ದೂ ಊರೊಳಗಿನ ಮಾತು ಬೇರೆಯದೇ ಕಟ್ಟೆಯಲ್ಲಿ ತೀರ್ಮಾನವಾಗುತ್ತದೆ.

ಆ ಕಟ್ಟೆ ಯಜಮಾನರದು. ಪ್ರತಿ ಕುಲಕ್ಕೂ ಯಜಮಾನರಿದ್ದಾರೆ, ಸೇರಿ ಕೂತು ನ್ಯಾಯ ಮಾಡುತ್ತಾರೆ, ದಂಡ ಹಾಕುತ್ತಾರೆ. 2023ರ ಮಾರ್ಚಿನಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಕುಣಗಳ್ಳಿಯ ಸುದ್ದಿ ಬಂತು. ಹುಡುಗ ಉಪ್ಪಾರ ಸಮುದಾಯದವನು, ಹುಡುಗಿ ದಲಿತಳು, ಮದುವೆಯಾಗಿ ವರ್ಷಗಳಾಗಿದ್ದವು. ಕುಲದ ಯಜಮಾನರು ಮೂರು ಲಕ್ಷ ರೂಪಾಯಿ ದಂಡ ಹಾಕಿದರೆಂದೂ, ದೂರು ಕೊಟ್ಟದ್ದಕ್ಕೆ ಅದನ್ನು ಆರು ಲಕ್ಷಕ್ಕೆ ಏರಿಸಿ ಬಹಿಷ್ಕಾರ ಹಾಕಿದರೆಂದೂ ವರದಿಯಾಗಿ, ಹನ್ನೆರಡು ಮಂದಿಯ ಮೇಲೆ ಪ್ರಕರಣವಾಯಿತು. ಊರಿನ ಅಂಗಡಿಯಲ್ಲಿ ಸಾಮಾನು ಕೊಡಬಾರದು, ಯಾರೂ ಮಾತಾಡಬಾರದು ಎಂಬುದೇ ಬಹಿಷ್ಕಾರದ ಅರ್ಥ. ಅಷ್ಟು ದೊಡ್ಡ ಮೊತ್ತದ ದಂಡ ಹಾಕುವ ಅಧಿಕಾರ ಚುನಾಯಿತ ಗ್ರಾಮ ಪಂಚಾಯಿತಿಗೂ ಇಲ್ಲ. ಯಜಮಾನರು ಕೂಟ ಕರೆದದ್ದು ಊರಿಗೆಲ್ಲ ತಿಳಿಯುತ್ತದೆ, ಪಂಚಾಯಿತಿ ಸದಸ್ಯರಿಗೆ ಮಾತ್ರ ತಿಳಿಯದೆ ಹೋಗುವುದು ಹೇಗೆ? ಸದಸ್ಯನೇ ಆ ಕೂಟದಲ್ಲಿ ಕೂತಿರುವ ಊರುಗಳೂ ಉಂಟು.

ನಮ್ಮ ಪಂಚಾಯತ್ ರಾಜ್ ಕಾನೂನು ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯನ್ನು ಇಟ್ಟಿದೆ. ಪರಿಶಿಷ್ಟರನ್ನು ಸಾಮಾಜಿಕ ಅನ್ಯಾಯದಿಂದ, ಶೋಷಣೆಯಿಂದ ಕಾಪಾಡುವುದು ಅದರ ಕೆಲಸವೆಂದೂ ಬರೆದಿದೆ. ಸೌಕರ್ಯ ಸಮಿತಿ ಎಂದು ಇನ್ನೊಂದಿದೆ, ನೀರು ನೈರ್ಮಲ್ಯ ಅದರ ಪಾಲಿಗೆ. ಹೆಗ್ಗೊಠಾರದಂಥ ಪ್ರಕರಣ ಎರಡೂ ಸಮಿತಿಗಳ ಮುಂದೆ ಬರಬೇಕಾದದ್ದು. ನಿಮ್ಮ ಊರಿನ ಸಾಮಾಜಿಕ ನ್ಯಾಯ ಸಮಿತಿ ಕೊನೆಯ ಸಲ ಯಾವಾಗ ಸೇರಿತು ಎಂದು ಸದಸ್ಯರೊಬ್ಬರನ್ನು ಕೇಳಿ ನೋಡಿ. ಹಾಗೊಂದು ಸಮಿತಿ ಇದೆಯೇ ಎಂದು ಅವರೇ ನಿಮ್ಮನ್ನು ಕೇಳಿದರೂ ಆಶ್ಚರ್ಯವಿಲ್ಲ. ಮೇಲಿನ ಹಂತದಲ್ಲಿ ಕೇಳೋಣವೆಂದರೆ, 2021ರಲ್ಲಿ ಅವಧಿ ಮುಗಿದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತರಿಲ್ಲದ ಕಡೆ ಅವರ ಸಾಮಾಜಿಕ ನ್ಯಾಯ ಸಮಿತಿಯೂ ಇರುವುದಿಲ್ಲ.

ಪಟ್ಟಣದ ಓದುಗರು ಇದನ್ನೆಲ್ಲ ಹಳ್ಳಿಯ ಗೋಳೆಂದು ಭಾವಿಸಬಹುದು. ಚಾಮರಾಜನಗರದ ನಗರಸಭೆಯಲ್ಲಿ 31 ವಾರ್ಡು, ಗುಂಡ್ಲುಪೇಟೆಯ ಪುರಸಭೆಯಲ್ಲಿ 23. ಅಲ್ಲಿ ತೊಂಬೆ ತೊಳೆಯುವ ಸುದ್ದಿ ಬರುವುದಿಲ್ಲ. ಪಟ್ಟಣದ ಜಾತಿ ಇರುವುದು ಕಡತದಲ್ಲಿ, ಹಾಜರಿ ಪುಸ್ತಕದಲ್ಲಿ, ಬಜೆಟ್ಟಿನಲ್ಲಿ. ಬೆಳಿಗ್ಗೆ ಐದೂವರೆಗೆ ಪೊರಕೆ ಹಿಡಿದು ಬರುವವರು ಯಾರು, ಹತ್ತೂವರೆಗೆ ಕಚೇರಿಯ ಕುರ್ಚಿಯಲ್ಲಿ ಕೂರುವವರು ಯಾರು ಎಂದು ಯಾವ ನಗರಸಭೆಯಲ್ಲಾದರೂ ನೋಡಿ. ಪೌರಕಾರ್ಮಿಕರ ಕೆಲಸ ಇವತ್ತಿಗೂ ಹೆಚ್ಚುಕಡಿಮೆ ಒಂದೆರಡು ಜಾತಿಗಳ ಮೇಲೇ ಬಿದ್ದಿದೆ. ಎಪ್ಪತ್ತರ ದಶಕದ ಮೊದಲಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ಪೌರಕಾರ್ಮಿಕರ ವಸತಿ, ಸಂಬಳ, ಸಂಖ್ಯೆಯ ಬಗ್ಗೆ ವರದಿ ಕೊಟ್ಟಿತು. ಆ ವರದಿಯನ್ನು ಜಾರಿ ಮಾಡಿ ಎಂಬ ಬೇಡಿಕೆ ದಶಕಗಳುದ್ದಕ್ಕೂ ಧರಣಿಗಳಲ್ಲಿ ಕೇಳುತ್ತಲೇ ಬಂದಿದೆ.

ಪುರಸಭೆಯೇ ನೇರವಾಗಿ ಕಟಕಟೆಯಲ್ಲಿ ನಿಂತ ಪ್ರಸಂಗ ಕರ್ನಾಟಕದಲ್ಲಿ ಒಂದಿದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಕುಟುಂಬಗಳನ್ನು ಅವರಿದ್ದ ಜಾಗದಿಂದ ಎಬ್ಬಿಸಲು ಪುರಸಭೆ ಹೊರಟಿತು, ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಬೇಕಾಗಿತ್ತು. ಅರ್ಜಿ, ಮನವಿ ಯಾವುದಕ್ಕೂ ಉತ್ತರ ಸಿಗಲಿಲ್ಲ. 2010ರ ಜುಲೈ 20ರಂದು ಅವರು ಪುರಸಭೆಯ ಮುಂದೆ ನಿಂತು ಮಲವನ್ನು ಮೈಮೇಲೆ ಸುರಿದುಕೊಂಡರು. ಆಮೇಲೆ ಸಚಿವರು ಬಂದರು, ಆಯೋಗ ಬಂತು, ಭರವಸೆಗಳು ಬಂದವು. ಒಂದು ಮನವಿಪತ್ರಕ್ಕೆ ಸಿಗಬೇಕಾಗಿದ್ದ ಉತ್ತರವನ್ನು ಪಡೆಯಲು ಮನುಷ್ಯರು ಎಲ್ಲಿಯವರೆಗೆ ಹೋಗಬೇಕಾಯಿತು ನೋಡಿ. ಆ ಸರಣಿಯಲ್ಲಿ ಕೊನೆಯ ದೃಶ್ಯ ಮಾತ್ರ ನಮಗೆ ನೆನಪಿದೆ, ಕಡತವನ್ನು ಮುಂದೆ ತಳ್ಳದೆ ಕೂತವರ ಹೆಸರು ಯಾರಿಗೂ ನೆನಪಿಲ್ಲ.

2013ರ ಕಾನೂನು ಮ್ಯಾನ್‌ಹೋಲ್, ಶೌಚಗುಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಇಳಿದವರು ಸತ್ತರೆ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು, ಮೊದಲು ಅದು 10 ಲಕ್ಷವಿತ್ತು. ಸಕ್ಕಿಂಗ್ ಯಂತ್ರ ಕೆಟ್ಟು ನಿಂತಿದೆ, ಗಲೀಜು ರಸ್ತೆಗೆ ಹರಿಯುತ್ತಿದೆ, ಸದಸ್ಯರ ಫೋನ್ ಮೇಲೆ ಫೋನ್. ಅಂಥ ಹೊತ್ತಿನಲ್ಲಿ ಒಬ್ಬನನ್ನು ಇಳಿಸುವವರು ಸಾಮಾನ್ಯವಾಗಿ ಬಾಯಲ್ಲೇ ಹೇಳುತ್ತಾರೆ, ಲಿಖಿತ ಆದೇಶ ಇರುವುದಿಲ್ಲ. ಅನಾಹುತವಾದರೆ ಗುತ್ತಿಗೆದಾರನ ಕಡೆ ಬೆರಳು ಹೋಗುತ್ತದೆ. ಇಲ್ಲಿ ಹೊಣೆಗಾರಿಕೆ ಎಂದರೆ ಯಂತ್ರ ಎಂದಿನಿಂದ ಕೆಟ್ಟಿದೆ, ರಿಪೇರಿಯ ಕಡತ ಯಾರ ಮೇಜಿನಲ್ಲಿದೆ ಎಂದು ಕೇಳುವುದು.

ಹಣದ ಮಾತು. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದಲ್ಲೂ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲೂ ಶೇ 24.10ರಷ್ಟನ್ನು ಪರಿಶಿಷ್ಟರ ಕಲ್ಯಾಣಕ್ಕೆ ಇಡಬೇಕು. ಅದನ್ನು ಪೇಪರಿನಲ್ಲಿ ಇಡುತ್ತಾರೆ. ಖರ್ಚಾದದ್ದು ಎಷ್ಟು, ಯಾವ ಬೀದಿಗೆ, ಆ ಬೀದಿಯಲ್ಲಿ ಪರಿಶಿಷ್ಟರ ಮನೆ ಎಷ್ಟು ಎಂದು ಬಜೆಟ್ ಸಭೆಯಲ್ಲಿ ಕೇಳುವ ಸದಸ್ಯರು ವಿರಳ. ಸಭೆಯೇ ಇಲ್ಲದ ಕಾಲವೂ ಇತ್ತು. ರಾಜ್ಯದ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಬಿದ್ದು, 2018–19ರಲ್ಲಿ ಗೆದ್ದ ಸದಸ್ಯರು 2020ರ ಕೊನೆಯವರೆಗೆ ಕಾದರು. ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯದರ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಗಳ ದರ್ಬಾರು. ವಾರ್ಡಿನ ಜನ ಯಾರನ್ನು ಕೇಳಬೇಕು?

2025ರ ಜೂನಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದ ಸರ್ಕಾರಿ ಶಾಲೆ ಸುದ್ದಿಯಾಯಿತು. ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದದ್ದಕ್ಕೆ 22 ಮಕ್ಕಳಲ್ಲಿ ಒಬ್ಬರನ್ನುಳಿದು ಮಿಕ್ಕವರೆಲ್ಲರ ಪೋಷಕರು ಶಾಲೆ ಬಿಡಿಸಲು ಹೊರಟರೆಂದು ಪತ್ರಿಕೆಗಳು ಬರೆದವು. ಜಿಲ್ಲೆಯ ಹಿರಿಯ ಅಧಿಕಾರಿಗಳು ಓಡಿಬಂದರು. ಪಾಠ ಸರಿಯಾಗಿ ನಡೆಯುತ್ತಿಲ್ಲ, ಅದಕ್ಕೇ ಬಿಡಿಸುತ್ತಿದ್ದೇವೆ ಎಂಬ ಮಾತು ಪೋಷಕರಿಂದ ಬಂತು. ಪಾಠ ಕೆಟ್ಟಿದ್ದರೆ ಅದು ದೂರು ಕೊಡಬೇಕಾದ ವಿಷಯವೇ. ಹಾಗಾದರೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಆ ದೂರು ಎಂದಿನಿಂದ ಇದೆ ಎಂದು ನೋಡಿದರೆ ಸಾಕು. ವರ್ಷಗಳಿಂದ ಇದ್ದರೆ ಶಿಕ್ಷಣ ಇಲಾಖೆ ಉತ್ತರಿಸಲಿ. ಅಡುಗೆಯವರು ಬದಲಾದ ವಾರವೇ ಪಾಠವೂ ಕೆಟ್ಟಿದ್ದರೆ ಆ ಕಾಕತಾಳೀಯವನ್ನು ಬೇರೆಯದೇ ಕಣ್ಣಿನಿಂದ ಓದಬೇಕಾಗುತ್ತದೆ. ಅಡುಗೆಯವರನ್ನು ಬೇರೆ ಶಾಲೆಗೆ ಕಳಿಸಿ ‘ಸಮಸ್ಯೆ ಬಗೆಹರಿಸುವ’ ರೂಢಿ ರಾಜ್ಯದಲ್ಲಿ ಹಳೆಯದು, ಅದರಷ್ಟು ಅಗ್ಗದ ಶಾಂತಿ ಇನ್ನೊಂದಿಲ್ಲ.

ಶಾಂತಿ ಸಭೆಯ ಬಗ್ಗೆ ಎರಡು ಮಾತು. ಠಾಣೆಯಲ್ಲೋ ದೇವಸ್ಥಾನದ ಜಗುಲಿಯಲ್ಲೋ ಎರಡೂ ಕಡೆಯ ಮುಖಂಡರನ್ನು ಕೂರಿಸುತ್ತಾರೆ. ಊರಿಗೆ ಕೆಟ್ಟ ಹೆಸರು ಬರುತ್ತದೆ, ನಾಳೆಯೂ ನೀವು ಇಲ್ಲೇ ಬದುಕಬೇಕು, ಕೇಸು ಗೀಸು ಯಾಕೆ, ರಾಜಿ ಮಾಡಿಕೊಳ್ಳಿ ಎನ್ನುತ್ತಾರೆ. ಒಪ್ಪದಿದ್ದರೆ ಎದುರಿನವರಿಂದ ಕೌಂಟರ್ ಕೇಸು ಬೀಳಬಹುದೆಂಬ ಸೂಚನೆ ಬೇರೆ. ಮಾರನೆಯ ದಿನ ಕೂಲಿಗೆ ಕರೆಯುವವರು ಆ ಬೀದಿಯವರೇ ಆಗಿರುವಾಗ ರಾಜಿ ಎಂಬುದು ಸಮಾನರ ನಡುವಿನ ಒಪ್ಪಂದವಾಗುವುದಿಲ್ಲ. ನೊಂದವರು ಸುಮ್ಮನಿರಲು ಒಪ್ಪಿದ ಕಾಗದವಾಗುತ್ತದೆ. ಸಾಕ್ಷಿಗಳು ನ್ಯಾಯಾಲಯದಲ್ಲಿ ತಿರುಗಿಬೀಳುವುದರ ಮೊದಲ ಮೆಟ್ಟಿಲೂ ಅದೇ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ನಡೆದ ದಾಳಿಗೆ 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆಯ ತೀರ್ಪು ಬಂದಾಗ ದೇಶವೇ ತಿರುಗಿ ನೋಡಿದ್ದು ಅಂಥ ತೀರ್ಪು ಅಪರೂಪವಾದ್ದರಿಂದ. ಅದಕ್ಕೂ ಹತ್ತು ವರ್ಷ ಹಿಡಿಯಿತು.

ಅಟ್ರಾಸಿಟಿ ಕಾಯ್ದೆಯ ದುರುಪಯೋಗವಾಗುತ್ತಿದೆ ಎಂಬ ಮಾತು ಈ ಜಿಲ್ಲೆಯ ಹೋಟೆಲು, ಬಸ್ ಸ್ಟ್ಯಾಂಡುಗಳಲ್ಲಿ ಧಾರಾಳವಾಗಿ ಕೇಳುತ್ತದೆ. ಸುಳ್ಳು ದೂರು ಯಾವ ಕಾನೂನಿನಲ್ಲೂ ಬರಬಹುದು, ಅದನ್ನು ತನಿಖೆ ಬಯಲು ಮಾಡಬೇಕು. ತನಿಖೆಯೇ ನಡೆಯದಂತೆ ನೋಡಿಕೊಂಡು, ಸಾಕ್ಷಿಗಳು ಹಿಂದೆ ಸರಿಯುವಂತೆ ಮಾಡಿ, ಬಿ ರಿಪೋರ್ಟ್ ಬಂದ ಮೇಲೆ ಪ್ರಕರಣವೇ ಸುಳ್ಳಾಗಿತ್ತು ಎನ್ನುವುದು ಮಾತ್ರ ತೀರ ಸಲೀಸಾದ ವಾದ.

ಜಾತಿಯನ್ನು ಜನಾಂಗಭೇದದ ಜೊತೆ ಎಣಿಸಬಾರದೆಂದು 2001ರ ಡರ್ಬನ್ ಸಮ್ಮೇಳನದಲ್ಲಿ ನಮ್ಮ ಸರ್ಕಾರ ವಾದಿಸಿತ್ತು. ಆ ವಾದ ಪಂಡಿತರಿಗಿರಲಿ. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ತನ್ನ ತಾರತಮ್ಯ ನಿಷೇಧದ ಪಟ್ಟಿಗೆ ಜಾತಿಯನ್ನೂ ಸೇರಿಸಿತು. ಕನ್ನಡದವರೂ ಕೆಲಸ ಮಾಡುವ ಆ ಊರಿನ ನಗರಸಭೆಗೆ ಇದು ತನ್ನ ಕೆಲಸವೆಂದು ತೋರಿತು. ಇಲ್ಲಿ ಹೊಸ ಕಾನೂನು ಬೇಕಿಲ್ಲ, ಇರುವುದು ಸಾಕಷ್ಟಿದೆ.

ಇರುವುದರಲ್ಲಿ ಜನ ಬಳಸಬಹುದಾದ ಒಂದು ಸಾಧನದ ಹೆಸರು ಜಾಗೃತಿ ಮತ್ತು ಉಸ್ತುವಾರಿ ಸಮಿತಿ. ದೌರ್ಜನ್ಯ ತಡೆ ನಿಯಮಗಳು, 1995ರ ಪ್ರಕಾರ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಉಪವಿಭಾಗದ ಮಟ್ಟದಲ್ಲೂ ಒಂದಿರಬೇಕು. ಸಭೆ ಸಾಮಾನ್ಯವಾಗಿ ಪರಿಹಾರದ ಹಣ ಎಷ್ಟು ಪ್ರಕರಣಕ್ಕೆ ಬಿಡುಗಡೆಯಾಯಿತು, ಎಷ್ಟು ಬಾಕಿ ಎಂಬ ಪಟ್ಟಿ ಓದುವುದರಲ್ಲಿ ಮುಗಿಯುತ್ತದೆ. ಪರಿಹಾರ ಬೇಕು, ಅದು ನೊಂದವರ ಹಕ್ಕು. ಆದರೆ ನಿಯಮ ಹೇಳುವ ಇನ್ನೊಂದು ಕೆಲಸ, ಕಾಯ್ದೆಯನ್ನು ಜಾರಿ ಮಾಡಬೇಕಾದ ಅಧಿಕಾರಿಗಳ ಪಾತ್ರವನ್ನು ಪರಿಶೀಲಿಸುವುದು. ಹೆಗ್ಗೊಠಾರಕ್ಕೆ ಆ ಮಾತನ್ನು ಅನ್ವಯಿಸಿದರೆ ಸಭೆಯಲ್ಲಿ ಕೇಳಬೇಕಾದದ್ದು ಸ್ಪಷ್ಟ. ತೊಂಬೆ ಖಾಲಿಯಾದ ದಿನ ವಾಲ್ವ್ ಯಾರ ಕೈಯಲ್ಲಿತ್ತು? ತೊಳೆಯಲು ಪಂಚಾಯಿತಿ ಹೇಳಿತ್ತೇ, ಇಲ್ಲದಿದ್ದರೆ ಪಂಚಾಯಿತಿ ದೂರು ಕೊಟ್ಟಿತೇ? ಊರಿನಲ್ಲಿ ತೊಂಬೆಗಳು ಬೀದಿಗೊಂದರಂತೆ, ಎಂದರೆ ಜಾತಿಗೊಂದರಂತೆ ಇರುವುದು ಯಾರ ಅಂದಾಜು ಪಟ್ಟಿಯಲ್ಲಿ, ಯಾವ ನಿರ್ಣಯದಲ್ಲಿ ಮಂಜೂರಾಯಿತು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಒಂದು ಬೀದಿಯವರಿಗೆ ಇನ್ನೊಂದು ಬೀದಿಯ ನಲ್ಲಿಯ ಹತ್ತಿರ ಹೋಗುವ ಅಗತ್ಯವೇ ಬಾರದಂತೆ ಸೌಕರ್ಯ ಹಂಚಿದರೆ ಜಗಳವಿರುವುದಿಲ್ಲ, ಅಸ್ಪೃಶ್ಯತೆಯೂ ಸುಖವಾಗಿರುತ್ತದೆ. ಪ್ರತ್ಯೇಕ ತೊಂಬೆ, ಪ್ರತ್ಯೇಕ ಸ್ಮಶಾನ, ಪ್ರತ್ಯೇಕ ಸಮುದಾಯ ಭವನ, ಎಲ್ಲವೂ ಸರ್ಕಾರದ ಹಣದಲ್ಲಿ, ಎಲ್ಲವೂ ಕಲ್ಯಾಣದ ಹೆಸರಿನಲ್ಲಿ. ಊರಿಗೆ ನೆಂಟರು ಬಂದು, ಯಾವ ಬೀದಿ ಯಾರದೆಂದು ತಿಳಿಯದೆ ನಲ್ಲಿ ತಿರುಗಿಸಿದಾಗ ಮಾತ್ರ ಆ ಹಂಚಿಕೆಯ ಲೆಕ್ಕ ಬಯಲಾಗುತ್ತದೆ.

ಜಾಗೃತಿ ಸಮಿತಿಯ ನಡಾವಳಿ ಸಾರ್ವಜನಿಕ ದಾಖಲೆ. ಸಮಾಜ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ ಕೇಳಬಹುದು, ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕಳೆದ ಎರಡು ವರ್ಷದಲ್ಲಿ ಸಮಿತಿ ಎಷ್ಟು ಸಲ ಸೇರಿತು, 4ನೇ ಕಲಮಿನಡಿ ಎಷ್ಟು ಅಧಿಕಾರಿಗಳ ಮೇಲೆ ವಿಚಾರಣೆಗೆ ಶಿಫಾರಸು ಮಾಡಿತು ಎಂಬ ಎರಡೇ ಪ್ರಶ್ನೆ ಸಾಕು. ಪಿಡಿಒಗೂ, ನಗರಸಭೆ ಪೌರಾಯುಕ್ತರಿಗೂ, ಪುರಸಭೆ ಮುಖ್ಯಾಧಿಕಾರಿಗೂ ಇಂಥದೇ ಒಂದೊಂದು ಅರ್ಜಿ ಹೋಗಬಹುದು: ಶೇ 24.10ರ ಹಣ ಯಾವ ಬೀದಿಗೆ ಹೋಯಿತು, ಸಕ್ಕಿಂಗ್ ಯಂತ್ರದ ಲಾಗ್ ಪುಸ್ತಕದಲ್ಲಿ ಏನಿದೆ, ಸಾಮಾಜಿಕ ನ್ಯಾಯ ಸಮಿತಿಯ ಕೊನೆಯ ಸಭೆಯ ನಡಾವಳಿಗೆ ಸಹಿ ಮಾಡಿದವರು ಯಾರು. ‘ಮಾಹಿತಿ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ಮೇಲ್ಮನವಿಗೆ ಲಗತ್ತಿಸಲು ಬೇಕಾಗುವ ಮೊದಲ ಕಾಗದ ಅದೇ.